ಎದುರುಮನೆ ಅವ್ವನ ಎರಡು ಮೊಣಕಾಲು

೧೯೭೯ರ ಫೆಬ್ರವರಿ, ಒಂದು ಸೋಮವಾರ, ಸಂಜೆ ಐದು ಗಂಟೆ. ಹಿರೇಕೆರೂರಿನ ನಮ್ಮ ಓಣಿಯ ಕಟ್ಟೆಯ ಮೇಲೆ ಮೂವರಿದ್ದೆವು: ಎದುರುಮನೆ ಅವ್ವ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಆಕೆಯ ಮಗಳು, ಶಾಲೆಯಲ್ಲಿ ಪಾಠ ಹೇಳಿ ಆಗಷ್ಟೇ ಬಂದ ನಾನು. ಅವ್ವ ಎರಡೂ ಕಾಲನ್ನು ಬಿಸಿಲಿಗೆ ಚಾಚಿದ್ದಳು. ಬಲ ಮೊಣಕಾಲಿಗೆ ಹರಳೆಣ್ಣೆ ಸವರಿ, ಬೆಚ್ಚಗೆ ಮಾಡಿದ ಎಕ್ಕೆ ಎಲೆ ಇಟ್ಟು, ಹಳೇ ಸೀರೆಯ ಚೂರಿನಿಂದ ಕಟ್ಟಿದ್ದಳು. ಎಡ ಮೊಣಕಾಲು ಬರಿದಾಗಿತ್ತು; ಹುಣಸೆಮರದ ಗಂಟಿನಂತೆ ಊದಿತ್ತು.

ಎಲೆ ಸಾಲಲಿಲ್ಲವೇ ಎಂದು ಕೇಳಿದೆ.

“ಎಲಿ ಬೇಕಾದಷ್ಟು ಅದಾವ್ರಿ, ಅಕ್ಕೋರ. ಹೊಸಾ ಹೆಪ್ಪು ತಂದ್ರ ಒಂದ ಗಡಗಿಗೆ ಅದನ್ನ ಹಾಕಿ, ಇನ್ನೊಂದಕ್ಕ ಹಳೇದು ಹಾಕಿ ನೋಡ್ತೇವಿಲ್ಲೋ? ಇದೂ ಹಂಗ. ಎರಡಕ್ಕೂ ಕಟ್ಟಿದ್ರ ಗುಣ ಎಲಿದೋ ಬಿಸಲಿಂದೋ ಹೆಂಗ ತಿಳೀಬೇಕು?”

ನಾನು ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು ಹಾಸ್ಟೆಲಿನಲ್ಲಿ ಬೆಳೆದವಳು. ಹೇಳಿದ್ದನ್ನು ಮಾಡುವುದು ಗೊತ್ತಿತ್ತು. ಏಕೆ ಎಂದು ಕೇಳುವ ರೂಢಿ ಇರಲಿಲ್ಲ. ಅಂದಿನಿಂದ ಶಾಲೆ ಬಿಟ್ಟೊಡನೆ ಆ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂಡುವುದು ನನ್ನ ಹೊಸ ನಿಯಮವಾಯಿತು.

ಓಣಿಯ ಕೂಸುಗಳಿಗೆಲ್ಲ ನೀರು ಎರೆಯುತ್ತಿದ್ದವಳು ಅವ್ವ. ಬಚ್ಚಲ ಕಲ್ಲಿನ ಮೇಲೆ ಕಾಲು ಚಾಚಿ ಕುಳಿತು, ಕೂಸನ್ನು ಮೊಣಕಾಲಿನ ಕೆಳಗೆ ಎರಡೂ ಕಾಲಿನ ನಡುವಿನ ತಗ್ಗಿನಲ್ಲಿ ಮಲಗಿಸಿ ಎರೆಯಬೇಕು. ಕೂಡುವುದೇನೋ ಆಗುತ್ತಿತ್ತು, ಏಳುವುದಕ್ಕೆ ಇಬ್ಬರು ಬೇಕಾಗುತ್ತಿದ್ದರು. ಡಾಕ್ಟರ ಗುಳಿಗೆ ಹೊಟ್ಟೆಗೆ ಒಗ್ಗಿರಲಿಲ್ಲ. ಶಾಖ ಕೊಡಿರಿ, ಓಡಾಟ ಮಾತ್ರ ಬಿಡಬೇಡಿರಿ ಎಂದು ಅವರೇ ಹೇಳಿದ್ದರಂತೆ. ಮಗಳು ಮಾಸೂರಿನಿಂದ ಎರೆಯುವ ಹೆಂಗಸೊಬ್ಬಳನ್ನು ಗೊತ್ತುಮಾಡಿದ್ದಳು. ಅವ್ವನಿಗೆ ತನ್ನ ಮೊದಲ ಮೊಮ್ಮಗು ಇನ್ನೊಬ್ಬರ ಕಾಲ ಮೇಲೆ ಮಲಗುವುದು ಬೇಡವಾಗಿತ್ತು.

“ಕೂಸಿನ್ನ ಎತ್ತೂದೋ, ನಿನ್ನ ಎತ್ತೂದೋ?” ಎಂದು ಮಗಳು ಚುಚ್ಚುತ್ತಿದ್ದಳು.

ಕೆಲವು ವಾರಗಳಾದ ಮೇಲೆ ಫಲ ಗೊತ್ತಾಯಿತು. ಎರಡೂ ಮೊಣಕಾಲಿನ ನೋವು ಒಂದೇ ಸಮ ಇಳಿದಿತ್ತು. ಅವ್ವ ಗಲಿಬಿಲಿಗೊಂಡಳು. ಬಲಗಾಲಿನ ಸುದ್ದಿ ಕೇಳಿಯೇ ಎಡಗಾಲು ಆರಾಮಾಯಿತೇನೋ ಎಂದು ಮಗಳು ನಕ್ಕಳು. ನಾನು ದಿನವೂ ನೋಡಿದ್ದನ್ನು ಹೇಳಿದೆ: ಮಾತಾಡುವಷ್ಟು ಹೊತ್ತೂ ಅವ್ವನ ಕೈ ಬರಿಯ ಮೊಣಕಾಲನ್ನು ತಿಕ್ಕುತ್ತಲೇ ಇರುತ್ತಿತ್ತು.

ಅವ್ವ ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿದಳು. “ಪಾಪ, ಅದಕ್ಕ ಏನೂ ಕಟ್ಟಿಲ್ಲಲ್ಲ ಅಂತ ತಿಕ್ಕಿರಬೇಕ್ರಿ. ನನಗರ ಎಲ್ಲಿ ಖಬರಿತ್ತು.”

ಮರುದಿನ ಎಲೆ ಹೋಯಿತು. ಉಪ್ಪು ಕಾಯಿಸಿ ಗಂಟು ಕಟ್ಟಿ ಎರಡಕ್ಕೂ ಶಾಖ, ಎರಡಕ್ಕೂ ಕೈ, ಆಮೇಲೆ ಬಾಗಿಲ ಚೌಕಟ್ಟು ಹಿಡಿದು ನಿಧಾನವಾಗಿ ಕೂತು ಏಳುವುದು. ಇನ್ನೂ ನೋವಿದೆಯೇ ಎಂದರೆ, “ಐತ್ರಿ. ಅದು ಇದ್ದಾಂಗ ಇರಲಿ, ನಾ ಏಳ್ತೇನಿ” ಎನ್ನುತ್ತಿದ್ದಳು.

ಆಕೆ ತೀರಿಕೊಂಡು ಬಹಳ ವರ್ಷಗಳಾದವು. ಈಗ ನನ್ನ ಮೊಣಕಾಲುಗಳ ಸರದಿ. ಯಾರು ಯಾವ ಎಣ್ಣೆ ಹೇಳಿದರೂ ಮೊದಲು ಒಂದೇ ಕಾಲಿಗೆ ಹಚ್ಚುತ್ತೇನೆ, ಕೈ ಇನ್ನೊಂದು ಕಾಲನ್ನು ತಿಕ್ಕುತ್ತಿದೆಯೋ ಎಂದು ಕಣ್ಣಿಡುತ್ತೇನೆ. ಇದನ್ನು ನಾನು ಯಾವ ಶಾಲೆಯಲ್ಲೂ ಕಲಿಯಲಿಲ್ಲ.

ಆ ವರ್ಷ ಮಾರ್ಚಿನ ಕೊನೆಗೆ ಕೂಸು ಆಸ್ಪತ್ರೆಯಿಂದ ಮನೆಗೆ ಬಂತು. ಮಾಸೂರಿನವಳು ಮರುದಿನ ಬರುವವಳಿದ್ದಳು. ಅಂದು ರವಿವಾರ, ಅವ್ವ ನನ್ನನ್ನು ಕರೆದಳು. ತಾನೇ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಹದವಾದ ನೀರಿನಲ್ಲಿ ಎರೆದು ನನ್ನ ಕೈಗೆ ಕೊಟ್ಟಳು. ಬಚ್ಚಲ ಬಾಗಿಲಲ್ಲಿ ಮಗಳು ಎರಡೂ ಕೈ ಮುಂದೆ ಮಾಡಿ ನಿಂತಿದ್ದಳು.

“ತಡಿ,” ಎಂದಳು ಅವ್ವ.

ಪಕ್ಕಕ್ಕೆ ಹೊರಳಿದಳು. ಅಂಗೈಯನ್ನು ಕಲ್ಲಿಗೂರಿದಳು. ಒಂದು ಕಾಲು ಮಡಿಚಿ, ಹಾಗೇ ಉಸಿರು ಹಿಡಿದು ಬಹಳ ಹೊತ್ತು ಇದ್ದಳು. ಆಮೇಲೆ ಎದ್ದಳು. ಹಣೆಯೆಲ್ಲ ಬೆವರು. ಗೋಡೆಗೆ ಒರಗಿ, ಕೂಸಿಗೆ ಧೂಪ ಹಾಕಲು ಕೆಂಡ ತರಲು ಹೇಳಿದಳು, ಅಷ್ಟೇ.

ಮಗಳು ಕೆಂಡ ತಂದಳು. ಸಂಜೆ ನಾನು ಹೊರಟಾಗ ಬಾಗಿಲಿಗೆ ಬಂದು ಮೆಲ್ಲಗೆ ಹೇಳಿದಳು: “ಅಕ್ಕೋರ, ಮಾಸೂರ ಬಸ್ಸಿನ ಕಂಡಕ್ಟರಗ ಹೇಳಿಬಿಡ್ರಿ. ಆಕಿ ಬರೂದು ಬ್ಯಾಡಂತ.”

ನಾನು ಸ್ಟ್ಯಾಂಡಿಗೆ ಹೋಗಿ ಹೇಳಿದೆ. ಅವನು ತಲೆಯಾಡಿಸಿ ಸೀಟಿ ಊದಿದ, ಬಸ್ಸು ಹೊರಟಿತು.