ಚಾಡಿಯಮ್ಮನ ಎರಡು ಸಾಲು

ಕಚೇರಿಯಲ್ಲಿ ಅವಳನ್ನು ಚಾಡಿಯಮ್ಮ ಎನ್ನುತ್ತಿದ್ದರು, ಅದೂ ಎದುರಿಗೇ. ಪ್ರೋಗ್ರಾಂ ಬರೆಯುವವರು ಮಾಡುವ ಪ್ರತಿ ಬದಲಾವಣೆಯೂ ಅವರವರ ಹೆಸರಿನಲ್ಲಿ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ದಿನವೂ ಸಂಜೆ ಅದನ್ನು ಓದಿ, ಯಾರು ಏನು ಮಾಡಿದರೆಂದು ತಲಾ ಎರಡು ಸಾಲು ಬರೆದು ಯಜಮಾನರಿಗೆ ಕಳಿಸುವುದು ಅವಳ ಕೆಲಸ. ಯಜಮಾನರಿಗೆ ಕೋಡ್ ಎಂದರೆ ಕಬ್ಬಿಣದ ಕಡಲೆ. ಅವಳು ಕಾಫಿ ಯಂತ್ರದ ಬಳಿ ಹೋದರೆ ಉಳಿದವರ ಮಾತು ನಿಲ್ಲುತ್ತಿತ್ತು. ನಿಲ್ಲಲಿ, ಅವಳಿಗೂ ಅವರನ್ನು ಕಂಡರೆ ಅಷ್ಟಕ್ಕಷ್ಟೇ.

ಅವರಲ್ಲೊಬ್ಬ ಅವಳ ಸ್ವಂತ ಭಾವ, ಅಕ್ಕನ ಗಂಡ. ಕೆಲಸ ಕೊಡಿಸಿದವನೂ ಅವನೇ, ಅವಳಿದ್ದದ್ದೂ ಅವನ ಮನೆಯಲ್ಲೇ. ಬದಲಾದ ಸಾಲುಗಳ ಲೆಕ್ಕದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬೆಳಿಗ್ಗೆ ಇಡೀ ಫೈಲಿನ ಸಾಲುಗಳನ್ನು ತುಸು ಬಲಕ್ಕೆ ಸರಿಸುವುದು, ಮಧ್ಯಾಹ್ನ ಎಡಕ್ಕೆ ತರುವುದು, ಇಷ್ಟೇ ಅವನ ದುಡಿಮೆ. ಅದರಿಂದ ಪ್ರೋಗ್ರಾಂ ಚೂರೂ ಬದಲಾಗದಿದ್ದರೂ ದಾಖಲೆಯಲ್ಲಿ ಅದು ಬೆಟ್ಟದಷ್ಟು ಕೆಲಸವಾಗಿ ಕಾಣುತ್ತಿತ್ತು. ಅವಳು "ಅಚ್ಚುಕಟ್ಟು ಮಾಡಿದರು" ಎಂದು ಬರೆದು ಮುಚ್ಚಿಹಾಕುತ್ತಿದ್ದಳು. ಬರೆದಾಗಲೆಲ್ಲ ಮೈ ಉರಿಯುತ್ತಿತ್ತು.

ಒಂದು ದಿನ ಯಜಮಾನರು ಕರೆದರು. "ಒಬ್ಬರನ್ನ ತೆಗೀಬೇಕಮ್ಮ. ನಿಮ್ಮ ಭಾವನೋ, ಆ ಮೂಗನೋ? ಇವತ್ತು ನೀವು ಬರೆಯೋದು ನೋಡಿ ತೀರ್ಮಾನ ಮಾಡ್ತೀನಿ."

ಮೂಗ ಎಂದರೆ ಮೂಲೆಯಲ್ಲಿ ಕೂರುವ, ಕೇಳಿದರೂ ಬಾಯಿ ಬಿಡದ ಆಸಾಮಿ. ಅವತ್ತು ಅವನು ಬದಲಾಯಿಸಿದ್ದು ಒಂದೇ ಸಾಲು. ಅದರಿಂದ ಗಿರಾಕಿಗಳ ಆರ್ಡರ್ ಎರಡೆರಡು ಸಲ ಹೋಗುವುದು ನಿಂತಿತ್ತು.

ಸುದ್ದಿ ಭಾವನ ಕಿವಿಗೆ ಬಿತ್ತು. ಅಕ್ಕನ ಫೋನ್ ಬಂದೇ ಬಂತು.

"ಎರಡು ಸಾಲು ಚೆನ್ನಾಗಿ ಬರೆದ್ರೆ ನಿನ್ನ ಗಂಟೇನು ಹೋಗತ್ತೆ?"

"ಇಲ್ಲದ್ದನ್ನ ಎಲ್ಲಿಂದ ಬರೀಲಕ್ಕ?"

"ಉಂಡ ಮನೆ ಜಂತೆ ಎಣಿಸ್ತೀಯಾ?"

ಆ ಮಾತು ನಾಟಿತು. ಸುತ್ತಿ ಬಳಸಿ ಏನಾದರೂ ಬರೆದುಬಿಡುತ್ತಿದ್ದಳೇನೋ. ಅಷ್ಟರಲ್ಲಿ ಭಾವ ಬಂದು ಅವಳ ಕುರ್ಚಿ ಹಿಡಿದು ನಿಂತ. "ಬಿಟ್ಟಿ ಕೂಳು ತಿನ್ನೋಳಿಗೆ ಏನು ಧಿಮಾಕು! ನಾನು ಹೇಳ್ತೀನಿ, ಹಾಗೇ ಬರಿ."

ಅವಳು ಅವನ ಕಣ್ಣೆದುರಿಗೇ ಬರೆದಳು: "ಬೆಳಿಗ್ಗೆ ಬಲಕ್ಕೆ ಸರಿಸಿದ್ದನ್ನು ಮಧ್ಯಾಹ್ನ ಎಡಕ್ಕೆ ತಂದರು. ದಿನವೂ ಇಷ್ಟೇ." ಅವನು ಕೈ ಹಿಡಿಯುವಷ್ಟರಲ್ಲಿ ಕಳಿಸಿಯೂ ಆಗಿತ್ತು. ಎಷ್ಟು ಖುಷಿಯಾಯಿತೆಂದರೆ, ಅವಳಿಗೆ ನಗು ಬಂತು.

ಭಾವನ ಕೆಲಸ ಅವತ್ತೇ ಹೋಯಿತು. ಅವಳು ಮನೆಗೆ ಬಂದಾಗ ಅಕ್ಕ ಬಾಗಿಲಲ್ಲಿದ್ದಳು. ಇವಳ ಬಟ್ಟೆಯ ಚೀಲ ಹೊಸ್ತಿಲಾಚೆ ಇತ್ತು. ಅಕ್ಕ ಕೂಗಾಡಲಿಲ್ಲ.

"ನಿನ್ನ ಬಗ್ಗೇನೂ ಎರಡು ಸಾಲು ಬರೀತೀನಿ, ಕೇಳು. ಇವಳು ಮೂಗನ ಕೆಲಸ ಉಳಿಸೋಕೆ ಅಂತ ಬರೀಲಿಲ್ಲ. ನನ್ನ ಗಂಡನ ಮೇಲಿನ ಹಗೆ ತೀರಿಸ್ಕೊಂಡಳು."

ಅವಳು ಆ ಎರಡು ಸಾಲನ್ನು ಮನಸ್ಸಿನಲ್ಲೇ ಓದಿಕೊಂಡಳು. ತಿದ್ದಲು ಅದರಲ್ಲಿ ಏನೂ ಸಿಗಲಿಲ್ಲ.