ಗಿರಣಿಯಿಂದ ವಾರ್ಡಿಗೆ ಬಂದ ಗಂಟಕ್ಕ

ನೂಲಿನ ಗಿರಣಿಯಲ್ಲಿ ಕಡಿದ ಎಳೆಗಳಿಗೆ ಗಂಟು ಹಾಕುವುದರಲ್ಲಿ ಅವಳದು ಎತ್ತಿದ ಕೈ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಗಂಟಕ್ಕ. ಅವಳ ಅಮ್ಮ ಹೊಲದ ಕೂಲಿ ಬಿಟ್ಟು ಇದೇ ಗಿರಣಿ ಸೇರಿದಾಗ ನೆಂಟರೆಲ್ಲ ಮೂಗಿನ ಮೇಲೆ ಬೆರಳಿಟ್ಟಿದ್ದರಂತೆ. ಈಗ ಗಿರಣಿಯೇ ಸೊರಗುವ ಕಾಲ ಬಂತು. ಮೊದಲು ಒಂದು ಪಾಳಿ ನಿಂತಿತು, ಆಮೇಲೆ ಅರ್ಧ ಯಂತ್ರಗಳು, ಕೊನೆಗೆ ಗೇಟಿಗೇ ಬೀಗ.

ಇವತ್ತಲ್ಲ ನಾಳೆ ತೆರೆದೀತೆಂದು ಜೊತೆಯವರು ಗೇಟಿನ ಮುಂದೆ ಕೂತರು. ಗಂಟಕ್ಕನಿಗೆ ಕೂತು ಅಭ್ಯಾಸವಿಲ್ಲ. ಗಿರಣಿ ಬೀದಿಯ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿದ್ದರೆ, ಬಸ್ ನಿಲ್ದಾಣದ ಹಿಂದೆ ಆಸ್ಪತ್ರೆಯ ಮೇಲೆ ಹೊಸ ಮಹಡಿ ಏಳುತ್ತಿತ್ತು. ಅಲ್ಲಿಗೆ ಆಯಾಗಳು ಬೇಕಂತೆ ಎಂದು ನಾದಿನಿ ಹೇಳಿದ್ದೇ ತಡ, ಹೊರಟು ನಿಂತಳು.

ಗಂಡ ಮುಖ ಗಂಟಿಕ್ಕಿದ. "ಈ ವಯಸ್ಸಲ್ಲಿ ಹೊಸ ಕೆಲಸ ಕಲೀತೀಯಾ?"

"ಹಳೇದನ್ನೇನು ಹುಟ್ಟುವಾಗಲೇ ಕಲಿತು ಬಂದಿದ್ನಾ?"

ಮೊದಮೊದಲು ಫಜೀತಿಯಾಯಿತು. ಯಂತ್ರಗಳ ನಡುವೆ ಕೂಗಿ ಕೂಗಿ ಪಳಗಿದ ಗಂಟಲು. "ತಿಂಡಿ ಆಯ್ತಾ?" ಎಂದು ಒಬ್ಬರನ್ನು ಕೇಳಿದರೆ ಇಡೀ ವಾರ್ಡು "ಆಯ್ತು" ಎನ್ನುತ್ತಿತ್ತು. ನರ್ಸಮ್ಮ ದಿನವೂ ತುಟಿ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು.

ಒಂದು ದಿನ, ಗಂಟಲಿನ ಆಪರೇಷನ್ ಆಗಿದ್ದ ಮೇಷ್ಟ್ರೊಬ್ಬರು ಏನೋ ಹೇಳಲು ಒದ್ದಾಡುತ್ತಿದ್ದರು. ದನಿ ಹೊರಡದು. ಮಗಳು ನೀರು ಹಿಡಿದಳು, ದಿಂಬು ಸರಿಮಾಡಿದಳು. ಅವರು ಅಲ್ಲ ಅಲ್ಲವೆಂದು ತಲೆಯಾಡಿಸುತ್ತಲೇ ಇದ್ದರು. ಗಂಟಕ್ಕ ಅವರ ತುಟಿಗಳನ್ನೇ ದಿಟ್ಟಿಸಿದಳು. ಗಿರಣಿಯ ಗದ್ದಲದಲ್ಲಿ ಕೂಗೂ ಮುಟ್ಟದಷ್ಟು ದೂರ ನಿಂತವರು ಬರೀ ತುಟಿಯಾಡಿಸಿಯೇ ಮನೆಯ ಸುದ್ದಿಯೆಲ್ಲ ಹಂಚಿಕೊಳ್ಳುತ್ತಿದ್ದರು. ಅದೇ ಅಭ್ಯಾಸ ಇಲ್ಲಿ ಕೈಹಿಡಿಯಿತು.

"ಅಮ್ಮ ಊಟ ಮಾಡಿದ್ಲಾ ಅಂತ ಕೇಳ್ತಿದ್ದಾರಮ್ಮ," ಎಂದಳು.

ಮೇಷ್ಟ್ರು ಕಣ್ಣೊರೆಸಿಕೊಂಡರು. "ಮಾಡಿದ್ಲಪ್ಪ, ನಾನೇ ಬಡಿಸಿ ಬಂದೆ," ಎಂದು ಮಗಳು ಅವರ ಕೈ ಹಿಡಿದಳು.

ಹೀಗೆ ದನಿ ಹೊರಡದ ರೋಗಿಗಳಿದ್ದ ವಾರ್ಡಿಗೇ ಗಂಟಕ್ಕನನ್ನು ನರ್ಸಮ್ಮ ಕೇಳಿ ಹಾಕಿಸಿಕೊಂಡರು. ಕೆಲಸ ಕಾಯಂ ಆದ ದಿನ ಅವಳು ನೆಟ್ಟಗೆ ಗಿರಣಿ ಗೇಟಿಗೆ ಹೋದಳು.

"ಬೀಗ ನೋಡ್ತಾ ಎಷ್ಟು ದಿನ ಕೂರ್ತೀರೇ? ಬನ್ನಿ, ಅಲ್ಲಿ ಅಡುಗೆಮನೆಗೂ ಜನ ಬೇಕು."

ಕೆಲವರು ಬಂದರು. ತಿಂಗಳುಗಟ್ಟಲೆ ಮೀನಮೇಷ ಎಣಿಸಿ ಗಂಡನೂ ಬಂದ, ಆಸ್ಪತ್ರೆಯ ಬಟ್ಟೆ ಒಗೆಯುವ ಯಂತ್ರಗಳ ಕೆಲಸಕ್ಕೆ. ಕಲಿಸುವವಳು ಮಗಳ ವಯಸ್ಸಿನ ಹುಡುಗಿ. ಮೊದಲ ವಾರ ಅವನದು ಬರೀ ಬಿಗುಮಾನ. ಈಗ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಆ ಹುಡುಗಿಯ ಗುಣಗಾನ ಶುರು.