ಬರಿಗಾಲಿಗೆ ಸಿಕ್ಕ ಬಾಗಿಲು

ನನ್ನ ನೀಲಿ ಪಟ್ಟಿಯ ಹವಾಯಿ ಚಪ್ಪಲಿಗಳಿಗೆ ಟೆಕ್ಸಸ್‌ನ ಹಳ್ಳಿಯೊಂದರ ಚರ್ಚಿನ ಮೆಟ್ಟಿಲ ಮೇಲೆ ಕೂತು ಕಾಯುವ ಯೋಗವಿದೆಯೆಂದು, ಮೈಸೂರಿನಲ್ಲಿ ಅವನ್ನು ಕೊಂಡಾಗ ನಾನಂತೂ ಅಂದುಕೊಂಡಿರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಆಸ್ಟಿನ್‌ನಲ್ಲಿ ವಾಸ್ತುಶಿಲ್ಪ ಓದುತ್ತಿದ್ದೆ. ಹಳೆಯ ಕಟ್ಟಡವೊಂದನ್ನು ಅಳೆದು ನಕ್ಷೆ ಬರೆಯಿರಿ ಎಂದು ನಮ್ಮ ಮೇಷ್ಟರು ಹೇಳಿದಾಗ, ಹ್ಯೂಸ್ಟನ್ ಹೆದ್ದಾರಿಯಿಂದ ಒಳಕ್ಕೆ ತಿರುಗಿದರೆ ಸಿಗುವ ಒಂದು ಆಂಗ್ಲಿಕನ್ ಚರ್ಚು ನನ್ನ ಪಾಲಿಗೆ ಬಂತು. ಕಾರಿದ್ದದ್ದು ನನ್ನ ರೂಮ್‌ಮೇಟ್, ಧಾರವಾಡದ ಗಿರಿಜಾಳ ಹತ್ತಿರ. ಹಾಗಾಗಿ ಟೇಪಿನ ಇನ್ನೊಂದು ತುದಿ ಹಿಡಿಯುವ ಕೆಲಸವೂ ಅವಳ ತಲೆಗೇ ಬಿತ್ತು.

ಆ ಚರ್ಚನ್ನು ನೀವು ನೋಡಬೇಕಿತ್ತು. ಇಂಗ್ಲೆಂಡಿನಿಂದ ಬಂದು ನೆಲೆಸಿದವರು ತಮ್ಮೂರಿನ ಕಲ್ಲಿನ ಚರ್ಚನ್ನು ನೆನೆದುಕೊಂಡೇ ಅದನ್ನು ಕಟ್ಟಿದ್ದರು. ಆದರೆ ಅಲ್ಲಿ ಸಿಕ್ಕಿದ್ದು ಪೈನ್ ಮರ. ಬಡಗಿಗಳು ಎದೆಗುಂದದೆ, ಕಲ್ಲು ಮಾಡಬೇಕಾದ ಕೆಲಸವನ್ನೆಲ್ಲ ಹಲಗೆಯಿಂದಲೇ ಮಾಡಿಸಿದ್ದರು: ಚೂಪು ಕಮಾನಿನ ಕಿಟಕಿಗಳು, ಕಡಿದಾದ ಸೂರು, ನೆಟ್ಟಗೆ ನಿಲ್ಲಿಸಿದ ಗೋಡೆಯ ಹಲಗೆಗಳು, ಅವುಗಳ ಸಂದಿ ಮುಚ್ಚಲು ಉದ್ದುದ್ದನೆಯ ಪಟ್ಟಿಗಳು. ಮಳೆಗೆ ತಡೆಯಾದ ಪಟ್ಟಿಯೇ ಗೋಡೆಗೆ ಒಡವೆಯೂ ಆಗಿರುವುದನ್ನು ಕಂಡು ನನಗೆ ಕುಣಿಯುವಷ್ಟು ಖುಷಿಯಾಗಿತ್ತು.

ಬೀಗ ತೆಗೆದುಕೊಟ್ಟವರು ಚರ್ಚಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಮಾರ್ಥಾ. ಅಭ್ಯಾಸಬಲದಿಂದ ನಾವು ಅವರನ್ನು ಆಂಟಿ ಎಂದುಬಿಟ್ಟೆವು. ಅವರು ಅದನ್ನು ಸಂತೋಷವಾಗಿಯೇ ಇಟ್ಟುಕೊಂಡರು. ಅವರ ಗಂಡ ವಾಲ್ಟರ್ ಹೊರಗೆ ಓಕ್ ಮರದಡಿಯ ಪಿಕಪ್ ಟ್ರಕ್ಕಿನಲ್ಲಿ ಕೂತಿದ್ದರು. ಕಾಲಿನ ಶಕ್ತಿ ಹೋಗಿ ಗಾಲಿಕುರ್ಚಿ ಹಿಡಿದಂದಿನಿಂದ ಭಾನುವಾರಗಳಂದೂ ಅವರ ಜಾಗ ಅದೇ. ಚರ್ಚಿನ ಮುಂದಿನ ಕಡಿದಾದ ಮೆಟ್ಟಿಲುಗಳು ರಸ್ತೆಗೇ ತಾಗುತ್ತಿದ್ದುದರಿಂದ ಇಳಿಜಾರು ಕಟ್ಟಲು ಜಾಗವಿರಲಿಲ್ಲ. ಎತ್ತಿಕೊಂಡು ಹೋಗುತ್ತೇವೆಂದರೆ ಆತ ಒಪ್ಪುತ್ತಿರಲಿಲ್ಲ. ಪಕ್ಕದ ಗೋಡೆಯಲ್ಲಿ ಬಾಗಿಲು ಕೊರೆಯೋಣವೆಂದರೆ, ಅಜ್ಜಂದಿರು ಕಟ್ಟಿದ ಗೋಡೆಗೆ ಗರಗಸ ಹಾಕಬಾರದೆಂದು ಚರ್ಚಿನ ಹಿರಿಯರು ಒಪ್ಪುತ್ತಿರಲಿಲ್ಲ. ದೀಕ್ಷಾಸ್ನಾನ, ಮದುವೆ ಎರಡೂ ಇಲ್ಲಿಯೇ ಆದ ಮನುಷ್ಯ ಟ್ರಕ್ಕಿನ ಗಾಜು ಇಳಿಸಿಕೊಂಡು, ಆ ಸೆಕೆಯಲ್ಲಿ, ಹೊರಗಿನಿಂದಲೇ ಪ್ರಾರ್ಥನೆ ಕೇಳುತ್ತಿದ್ದರು. ಇದನ್ನೆಲ್ಲ ಮಾರ್ಥಾ ಆಂಟಿ ಹೇಳಿದಾಗ ನನಗೆ ಬಹಳ ಸಂಕಟವಾಯಿತು.

ಒಳಗೆ ಹೋಗುವಾಗ ನಾನು ಚಪ್ಪಲಿ ಬಿಟ್ಟೆ. ಯಾರೂ ಹೇಳಿರಲಿಲ್ಲ, ದೇವರ ಮನೆಯೆಂದು ಗೊತ್ತಾದ ಮೇಲೆ ಕಾಲು ತಾನಾಗಿಯೇ ಚಪ್ಪಲಿಯಿಂದ ಹೊರಗೆ ಬಂದಿತ್ತು.

"ಇದೇನ್ ಗುಡಿ ಅಲ್ಲವ್ವಾ," ಎಂದಳು ಗಿರಿಜಾ, ಶೂ ತೊಟ್ಟೇ ಒಳಗೆ ಬಂದವಳು. "ಕಾಲಾಗ ಸಿಬರ ಹೊಕ್ಕರ ನಾ ತಗ್ಯಾಂಗಿಲ್ಲ ನೋಡು."

ಸಿಬರು ಹೊಗಲಿಲ್ಲ. ದಕ್ಷಿಣದ ಗೋಡೆಯುದ್ದಕ್ಕೂ ಟೇಪು ಹಿಡಿದು ನಡೆಯುತ್ತಿದ್ದಾಗ, ಒಂದು ಕಡೆ ನೆಲದ ಹಲಗೆಯ ಮೇಲೆ ಅಂಗಾಲು ಮೆತ್ತಗೆ ತಗ್ಗಿಗೆ ಇಳಿಯಿತು. ಕಣ್ಣಿಗೆ ಕಾಣದಷ್ಟು, ಕಾಲಿಗೆ ಮಾತ್ರ ತಿಳಿಯುವಷ್ಟು ತಗ್ಗು. ನಮ್ಮ ಬೀದಿಯ ಗಣಪತಿ ಗುಡಿಯ ಹೊಸ್ತಿಲ ಬಳಿಯ ಕಲ್ಲು ಹೀಗೇ ಸವೆದಿತ್ತು. ಗಿರಿಜಾಳಿಗೂ ಶೂ ಬಿಚ್ಚಿಸಿ ಅಲ್ಲಿ ನಿಲ್ಲಿಸಿದೆ.

"ಹೌದಲ್ಲ, ಸವದೈತಿ," ಎಂದಳು. "ಆದರ ಗ್ವಾಡಿ ಮುಂದ ಬಂದು ಮಂದಿ ಏನ್ ಮಾಡ್ತಿದ್ರು?"

ಆ ಪ್ರಶ್ನೆಗೆ ನನಗೆ ತರಗತಿಯ ಪಾಠ ನೆನಪಾಯಿತು. ಇಂಗ್ಲೆಂಡಿನ ಎಷ್ಟೋ ಹಳ್ಳಿ ಚರ್ಚುಗಳಿಗೆ ಜನ ಒಳಬರುವುದು ದಕ್ಷಿಣದ ಗೋಡೆಯ ಬಾಗಿಲಿನಿಂದ. ಕೂಸುಗಳ ತಲೆಗೆ ನೀರು ಹಾಕುವ ದೀಕ್ಷಾಸ್ನಾನದ ಕಲ್ಲುಬಟ್ಟಲು ಇರುವುದೂ ಆ ಬಾಗಿಲ ಪಕ್ಕದಲ್ಲೇ. ಈಗ ಬಟ್ಟಲು ಬೇರೆಡೆ ಇತ್ತು, ಆದರೆ ತಗ್ಗಿನ ಪಕ್ಕದ ನೆಲದ ಹಲಗೆಗಳ ಮೇಲೆ ಮಸುಕಾದ ದುಂಡು ಗುರುತೊಂದು ಉಳಿದಿತ್ತು. ಅಂದರೆ ಊರಿಗೆ ರಸ್ತೆ ಬಂದ ಮೇಲೆ ಮುಂದಿನ ಬಾಗಿಲು ಕೊರೆದು, ಇಲ್ಲಿದ್ದ ಬಾಗಿಲನ್ನು ಮುಚ್ಚಿದ್ದಾರೆ. ಬರಿಗಾಲಿನಲ್ಲೇ ಹೊರಗೆ ಓಡಿ, ಕಾದ ಜಲ್ಲಿಯ ಮೇಲೆ ಕುಣಿಯುತ್ತ ಆ ಗೋಡೆಯನ್ನು ಹೊರಗಿನಿಂದ ನೋಡಿದೆ. ಅಲ್ಲಿ ಒಂದು ಬಾಗಿಲಿನಷ್ಟು ಅಗಲಕ್ಕೆ ಪಟ್ಟಿಗಳೂ ಮೊಳೆಗಳೂ ಬೇರೆ ಇದ್ದವು. ನೆಲವೂ ಆ ಕಡೆ ದಿಬ್ಬವಾಗಿ, ಹೆಚ್ಚುಕಡಿಮೆ ಒಳಗಿನ ನೆಲದ ಮಟ್ಟಕ್ಕೇ ಏರಿತ್ತು.

"ಏನಾಯಿತಮ್ಮ, ಹಾವು ಕಂಡಿತೇ?" ಎಂದು ವಾಲ್ಟರ್ ಟ್ರಕ್ಕಿನಿಂದ ಕೇಳಿದರು.

"ನಿಮ್ಮ ಬಾಗಿಲು ಕಂಡಿತು," ಎಂದೆ. ಅವರು ನಗಲಿಲ್ಲ. ತೋರಿಸು ಎಂದರು.

ಹಿರಿಯರು ಬಂದರು, ನೋಡಿದರು, ಗೊಣಗಿದರು, ಕೊನೆಗೆ ಬಡಗಿಯನ್ನು ಕರೆಸಿದರು. ಹಲಗೆ ಬಿಚ್ಚಿದರೆ ಒಳಗೆ ಚೂಪು ಕಮಾನಿನ ಚೌಕಟ್ಟು ಹಾಗೇ ಗಟ್ಟಿಯಾಗಿ ನಿಂತಿತ್ತು. ಆ ಹಿರಿಯರನ್ನು ನಾನು ಹಂಗಿಸಲಾರೆ. ನಾವೂ ಅಷ್ಟೇ ಅಲ್ಲವೇ. ಹುಟ್ಟಿದಂದಿನಿಂದ ಕಂಡದ್ದನ್ನೇ ಸನಾತನವೆಂದು ಕಾಯುತ್ತ ಕೂರುತ್ತೇವೆ, ಅದಕ್ಕಿಂತ ಹಿಂದಿನವರು ಎಷ್ಟು ಸಲೀಸಾಗಿ ಒಳಗೆ ಬರುತ್ತಿದ್ದರೆಂಬುದು ಮರೆತೇ ಹೋಗಿರುತ್ತದೆ. ಮೈಸೂರಿನಲ್ಲಾಗಲಿ ಟೆಕ್ಸಸ್‌ನಲ್ಲಾಗಲಿ ನಾನು ಈಗ ಯಾವ ಹಳೆಯ ಕಟ್ಟಡಕ್ಕೆ ಹೋದರೂ ಮೊದಲು ನೆಲವನ್ನು ವಿಚಾರಿಸಿಕೊಳ್ಳುತ್ತೇನೆ.

ಬಾಗಿಲು ತೆರೆದ ಭಾನುವಾರ ನಮ್ಮಿಬ್ಬರಿಗೂ ಕರೆ ಬಂತು. ಮಾರ್ಥಾ ಆಂಟಿ ಕುರ್ಚಿ ತಳ್ಳಿಕೊಂಡು ಹೊಸ್ತಿಲು ದಾಟಿದರು. ಗಾಲಿಗಳು ಆ ತಗ್ಗಿಗೆ ಇಳಿದು ತಾವಾಗಿಯೇ ನಿಂತವು. ಮುಂದೆ ತಳ್ಳಲು ಹೋದರೆ ವಾಲ್ಟರ್ ಕೈ ಅಡ್ಡ ಹಿಡಿದು, "ಇಲ್ಲೇ ಇರಲಿ," ಎಂದರು. ಬಗ್ಗಲು ನೋಡಿದರು, ಆಗಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಈ ಬೂಟು ಸ್ವಲ್ಪ ಬಿಚ್ಚುತ್ತೀಯೇನಮ್ಮ?" ಎಂದರು.

ಬಿಚ್ಚಿದೆ. ಅವರು ಮೊಣಕಾಲುಗಳನ್ನು ಒಂದೊಂದಾಗಿ ಕೈಯಿಂದಲೇ ಎತ್ತಿ, ಪಾದಗಳನ್ನು ಆ ತಗ್ಗಿನಲ್ಲಿ ಇಟ್ಟುಕೊಂಡರು. ನಾನು ಹೊರಗೆ ಹೋಗಿ, ಅವರ ದೊಡ್ಡ ಕೌಬಾಯ್ ಬೂಟುಗಳನ್ನು ನನ್ನ ನೀಲಿ ಪಟ್ಟಿಯ ಹವಾಯಿ ಚಪ್ಪಲಿಗಳ ಪಕ್ಕದಲ್ಲಿಟ್ಟು ಬಂದೆ.